ಸಾಕ್ಷಿ ಮಿರ್ಚಿ

ಹಗರಿಬೊಮ್ಮನಹಳ್ಳಿಯ ಗಂಗಾಧರ್ ವಕೀಲರ ಆಫೀಸಿನಲ್ಲಿ ವಿಲ್ ಬರೆಸಿದವರು ಯಾರೇ ಇರಲಿ, ಮಿರ್ಚಿ ಬಜ್ಜಿ ತರಿಸದೆ ಮನೆಗೆ ಹೋಗುವಂತಿರಲಿಲ್ಲ. ಬರೆಸಿದವನು ಇಬ್ಬರು ಸಾಕ್ಷಿಗಳ ಎದುರಿಗೆ ಸಹಿ ಮಾಡಬೇಕು, ಇಲ್ಲವೇ ಹೆಬ್ಬೆಟ್ಟು ಒತ್ತಬೇಕು. ಅವನ ಎದುರಿಗೇ ಸಾಕ್ಷಿಗಳಿಬ್ಬರೂ ಸಹಿ ಹಾಕಬೇಕು. ಇಷ್ಟು ಸರ್ಕಾರದ ಕಾನೂನು. ಆಮೇಲೆ ಅವನು ತನ್ನ ಜೇಬಿನ ದುಡ್ಡಿನಲ್ಲಿ ಮಂಡಕ್ಕಿ ಮಿರ್ಚಿ ತರಿಸಿ, ತನ್ನ ಕೈಯಾರೆ ಇಬ್ಬರು ಸಾಕ್ಷಿಗಳಿಗೂ ಕೊಡಬೇಕು. ಇದು ಗಂಗಾಧರ್ ಅವರ ಕಾನೂನು.

"ವಿಲ್ ಬರೆಸಿದವ ಸತ್ತ ಮ್ಯಾಲೇ ಸಾಕ್ಷಿ ಕೋರ್ಟಿಗೆ ಬರೋದು. ಅಷ್ಟೊತ್ತಿಗೆ ಅವಂಗ ಏನು ನೆನಪಿರ್ತೈತಿ? ತಾರೀಖು ಮರ್ತಿರ್ತಾನ. ಯಾವ ಕುರ್ಚಿ ಮ್ಯಾಲೆ ಯಾರು ಕುಂತಿದ್ರು ಅನ್ನೋದು ಮರ್ತಿರ್ತಾನ. ತಿಂದಿದ್ದು ಮಾತ್ರ ಮರಿಯಲ್ಲ. ಅದೂ ಖಾರ ತಿಂದಿದ್ದು," ಎನ್ನುತ್ತಿದ್ದರು.

ಇದು ಬರೀ ಮಾತಾಗಿರಲಿಲ್ಲ. ಒಮ್ಮೆ ಕೂಡ್ಲಿಗಿ ಕೋರ್ಟಿನಲ್ಲಿ ಎದುರು ಪಕ್ಷದ ವಕೀಲರು ಒಬ್ಬ ಸಾಕ್ಷಿಯನ್ನು ಹಿಡಿದು ಜಗ್ಗಾಡಿದ್ದರು. ಇಷ್ಟು ವರ್ಷದ ಹಿಂದಿನ ಸಹಿ ನಿನಗೆ ಹೇಗೆ ನೆನಪಿದೆ ಎಂದು ಕೇಳಿದಾಗ ಆ ಸಾಕ್ಷಿ, "ಆ ಮುದುಕ ಭಾಳ ಜಿಪುಣ ಇದ್ದ ಸ್ವಾಮಿ. ಅವನ ಕೈಯಾಗಿಂದ ನಾ ಮಿರ್ಚಿ ತಿಂದಿದ್ದು ಅದೊಂದೇ ಸಲ," ಅಂದಿದ್ದ. ನ್ಯಾಯಾಧೀಶರೂ ನಕ್ಕರು. ವಿಲ್ ಉಳಿಯಿತು. ಅಂದಿನಿಂದ ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಯ ವಕೀಲರೆಲ್ಲ ಇದಕ್ಕೆ ಸಾಕ್ಷಿ ಮಿರ್ಚಿ ಎಂದೇ ಹೆಸರಿಟ್ಟರು. ಗಂಗಾಧರ್ ಬರೆದ ವಿಲ್ ಕೋರ್ಟಿಗೆ ಬಂದರೆ ಎದುರು ವಕೀಲರು ಮೊದಲು ಕೇಳುತ್ತಿದ್ದ ಪ್ರಶ್ನೆ, "ತಿನ್ನಾಕ ಕೊಟ್ಟಿದ್ರೇನು?"

ಆದರೆ ಮಿರ್ಚಿಗೆ ಇನ್ನೊಂದು ಕೆಲಸವಿತ್ತು. ಅದನ್ನು ಅವರು ಹೊರಗೆ ಹೇಳುತ್ತಿರಲಿಲ್ಲ, ತಮ್ಮ ಜೂನಿಯರ್ ಸಂಘಮಿತ್ರಾಳಿಗೆ ಮಾತ್ರ ಹೇಳಿಕೊಟ್ಟಿದ್ದರು. ಮಗನೋ ಅಳಿಯನೋ ಹೆದರಿಸಿ ಕರೆತಂದ ಮುದುಕ ಸಹಿ ಮಾಡಿಬಿಡುತ್ತಾನೆ, ಸಹಿ ಮಾಡುವುದಕ್ಕೆ ಮನಸ್ಸು ಬೇಕಿಲ್ಲ. ಆದರೆ ಮನಸ್ಸಿಲ್ಲದವನ ಕೈ ಇನ್ನೊಬ್ಬರಿಗೆ ತಿನ್ನಲು ಕೊಡುವಾಗ ತಡೆಯುತ್ತದೆ. ಹಾಗೆ ಕೈ ತಡೆದ ಎಷ್ಟೋ ಜನರ ಕಾಗದವನ್ನು ಅವರು ಅಲ್ಲೇ ಹರಿದುಹಾಕಿ, "ಇನ್ನೊಂದು ವಾರ ಬಿಟ್ಟು ಒಬ್ಬನೇ ಬಾ ಯಜಮಾನ," ಎಂದು ಕಳಿಸಿದ್ದನ್ನು ಸಂಘಮಿತ್ರಾ ಕಣ್ಣಾರೆ ಕಂಡಿದ್ದಳು.

ಸಂಘಮಿತ್ರಾ ಚಿಗಟೇರಿಯವಳು. ತಾಯಿ ಕನಕಮ್ಮ ಅಂಗನವಾಡಿ ಸಹಾಯಕಿ. ದಾವಣಗೆರೆಯ ಹಾಸ್ಟೆಲಿನಲ್ಲಿದ್ದು ಕಾನೂನು ಓದಿ, ಗಂಗಾಧರ್ ಅವರ ಆಫೀಸಿಗೆ ಬಂದು ನಾಲ್ಕು ವರ್ಷವಾಗಿತ್ತು. ಬಂದ ಹೊಸತರಲ್ಲಿ ಆಫೀಸಿನ ಕಿಟಕಿಯ ಮೇಲೆ ಅವಳಿಗೆಂದೇ ಬೇರೆ ಸ್ಟೀಲ್ ಲೋಟ ಇತ್ತು. ಯಾರೂ ಏನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಒಂದು ದಿನ ಆ ಲೋಟ ಅಲ್ಲಿರಲಿಲ್ಲ. ಅದರ ಬಗ್ಗೆಯೂ ಯಾರೂ ಏನೂ ಹೇಳಲಿಲ್ಲ. ಗಂಗಾಧರ್ ಅಂಥ ಮನುಷ್ಯ. ಒಳ್ಳೆಯವರು ಎಂದು ಅವಳು ಯಾರ ಎದುರಿಗೂ ಹೊಗಳಿದ್ದಿಲ್ಲ. ಕೆಲಸ ಕಲಿಸುತ್ತಾರೆ ಎಂದಷ್ಟೇ ಹೇಳುತ್ತಿದ್ದಳು.

ಆ ವರ್ಷ ಬೇಸಿಗೆಗೆ ಮುಂಚೆ ವಕೀಲರ ಸಂಘದ ಮೇಲಂತಸ್ತಿನ ಹಾಲಿನಲ್ಲಿ ಒಂದು ದಿನದ ಶಿಬಿರ ನಡೆಯಿತು. ಬ್ಯಾನರಿನ ಮೇಲೆ 'ವಕೀಲರ ನಿರಂತರ ಕಾನೂನು ಶಿಕ್ಷಣ: ವಿಲ್, ಟ್ರಸ್ಟ್ ಮತ್ತು ಎಸ್ಟೇಟ್ ಪ್ಲಾನಿಂಗ್' ಎಂದಿತ್ತು. ಐದೂ ತಾಲೂಕಿನ ವಕೀಲರು ಬಂದಿದ್ದರು. ಬಾಗಿಲಲ್ಲೇ ಎಲ್ಲರಿಗೂ ಒಂದು ಬಟ್ಟೆ ಚೀಲ, ಪೆನ್ನು, ಬರೆಯುವ ಹಾಳೆ ಕೊಟ್ಟರು. ಹಡಗಲಿಯವರು ಒಳಗೆ ಕೂರುವ ಮೊದಲೇ ಪ್ರಮಾಣಪತ್ರ ಎಷ್ಟು ಗಂಟೆಗೆ ಕೊಡುತ್ತೀರಿ ಎಂದು ವಿಚಾರಿಸಿಕೊಂಡರು.

ಪಾಠ ಹೇಳಲು ಬಂದವರು ಬೆಂಗಳೂರಿನ ವಕೀಲೆ ಅರ್ಚನಾ. ದೊಡ್ಡ ಮನೆತನಗಳ ಆಸ್ತಿಯನ್ನು ಸಾವಿಗೆ ಮೊದಲೇ ಹೇಗೆ ಹಂಚಿಡಬೇಕು ಎಂಬುದೇ ಅವರ ಕೆಲಸ. ಪರದೆಯ ಮೇಲೆ ಮೂರು ವೃತ್ತ, ನಡುವೆ ಬಾಣಗಳು: ಆಸ್ತಿ ಬಿಟ್ಟುಕೊಡುವವರು, ಅದನ್ನು ನೋಡಿಕೊಳ್ಳುವ ಟ್ರಸ್ಟಿ, ಅದರ ಲಾಭ ಪಡೆಯುವ ಫಲಾನುಭವಿ.

ಹರಪನಹಳ್ಳಿಯ ಜಂಬುನಾಥ ಎದ್ದು ನಿಂತರು. "ಮೇಡಂ, ನಮ್ ಕಡೆ ಟ್ರಸ್ಟ್ ಅಂದ್ರೆ ಬಿ.ಎಡ್ ಕಾಲೇಜು. ಅಧ್ಯಕ್ಷ ಅಪ್ಪ, ಕಾರ್ಯದರ್ಶಿ ಮಗ, ಖಜಾಂಚಿ ಸೊಸೆ. ಫಲಾನುಭವಿನೂ ಅವ್ರೇ."

ಹಾಲೆಲ್ಲ ನಕ್ಕಿತು. ಅರ್ಚನಾ ಕೂಡ ನಕ್ಕು, "ಬೆಂಗಳೂರಲ್ಲೂ ಅಷ್ಟೇ ಸರ್. ಕಾಲೇಜೊಂದು ಇರಲ್ಲ," ಅಂದರು. ಆಮೇಲೆ ಜನ ಅವರ ಮಾತನ್ನು ಸ್ವಲ್ಪ ಕಿವಿಗೊಟ್ಟು ಕೇಳತೊಡಗಿದರು.

ವಿಲ್‌ಗಳ ವಿಷಯಕ್ಕೆ ಬಂದಾಗ ಅರ್ಚನಾ, ಉತ್ತರಾಧಿಕಾರ ಕಾಯ್ದೆಯ ಕಲಂ 67ರ ಪ್ರಕಾರ ಸಾಕ್ಷಿ ಹಾಕಿದವರಿಗೇ ಆಸ್ತಿ ಬರೆದರೆ ಅಷ್ಟರಮಟ್ಟಿಗೆ ಆ ವಿಲ್ ನಡೆಯುವುದಿಲ್ಲ ಅಂದರು. ಹಿಂದಿನ ಸಾಲಿನಿಂದ ಗಂಗಾಧರ್ ಕೈ ಎತ್ತಿದರು.

"ಆ ಕಲಂ ನಮಗ ಹತ್ತಲ್ರಿ ಮೇಡಂ. ಹಿಂದೂಗಳಿಗೆ ಯಾವ ಯಾವ ಕಲಂ ಅಂತ ಕಾಯ್ದೆ ಕೊನಿಗೆ ಒಂದು ಪಟ್ಟಿ ಐತಿ ನೋಡ್ರಿ. ಅದ್ರಾಗ ಅರವತ್ತೇಳು ಇಲ್ಲ. ಬೌದ್ಧರೂ ಆ ಪಟ್ಟಿ ಒಳಗೇ ಬರ್ತಾರ. ಸಾಕ್ಷಿಗೆ ಬರದ್ರ ಅನುಮಾನ ಬರಬಹುದು, ವಿಲ್ ಕೆಡಲ್ಲ."

"ನಮ್ಮ ಕಕ್ಷಿದಾರರಿಗೆ ನಾನು ಯಾವಾಗಲೂ ಹಾಗೆ ಮಾಡಬೇಡಿ ಅಂತಲೇ ಹೇಳೋದು ಸರ್. ಇರಲಿ, ನೋಡಿ ಹೇಳ್ತೀನಿ," ಅಂದರು ಅರ್ಚನಾ.

ಅಷ್ಟರಲ್ಲಿ ಕರೆಂಟ್ ಹೋಯಿತು. ಪರದೆ ಖಾಲಿಯಾಯಿತು. ಅರ್ಚನಾ ಗಾಬರಿಯಾಗಲಿಲ್ಲ. ಎಲ್ಲರೂ ಕೊಟ್ಟಿರುವ ಹಾಳೆಯ ಮೇಲೆ ತಮ್ಮ ತಮ್ಮ ವಿಲ್ ಬರೆಯಿರಿ ಅಂದರು. ಕೈಬರಹದಲ್ಲೇ ಬರೆಯಬೇಕು, ನಿಜವಾಗಿ ಸಹಿ ಮಾಡಬೇಕು, ಪಕ್ಕದ ಇಬ್ಬರು ಓದಿ ನೋಡಿ ಸಾಕ್ಷಿ ಹಾಕಬೇಕು. "ನಾನು ತಿದ್ದಿ ವಾಪಸ್ ಕೊಡ್ತೀನಿ. ಸಂಜೆ ಹೋಗೋ ಮುಂಚೆ ಎಲ್ಲರೂ ಹರಿದು ಹಾಕಿ. ಮರೀಬೇಡಿ. ಮರೆತರೆ ನಿಮ್ಮ ಮನೆಯವರಿಗೆ ಒಂದು ಕೇಸ್ ಮಾಡಿಟ್ಟು ಹೋದ ಹಾಗೆ."

ಯಾರೂ ಪೆನ್ನು ಎತ್ತಲಿಲ್ಲ. ಊರಿನವರ ವಿಲ್‌ಗಳನ್ನೆಲ್ಲ ಬರೆದ ವಕೀಲರು ತಮ್ಮದನ್ನು ಮಾತ್ರ ಬರೆದುಕೊಳ್ಳುವುದಿಲ್ಲ. ಬರೆದರೆ ಆಯುಷ್ಯ ಕಡಿಮೆ ಎಂದು ಬಾಯಿಬಿಟ್ಟು ಯಾರೂ ಹೇಳುವುದಿಲ್ಲ, ಆದರೆ ಬರೆಯುವುದಿಲ್ಲ. "ನಂದು ಯಾಕ್ರಿ ಮೇಡಂ, ನಮ್ಮ ಮಾವಂದು ಬರಿತೀನಿ," ಎಂದು ಯಾರೋ ಅಂದರು. ಮತ್ತೊಮ್ಮೆ ನಗು. ಕೊನೆಗೆ ಎಲ್ಲರೂ ಬಗ್ಗಿ ಬರೆಯತೊಡಗಿದರು.

ಗಂಗಾಧರ್ ಎಲ್ಲರಿಗಿಂತ ಮೊದಲು ಮುಗಿಸಿದರು. ಮನೆ ಹೆಂಡತಿ ಕೊಟ್ರಮ್ಮಳಿಗೆ. ಹೊಲ ಮಗ ಪ್ರವೀಣಕುಮಾರನಿಗೆ. ಕೋರ್ಟ್ ರಸ್ತೆಯಲ್ಲಿ ತಾವು ದುಡಿದು ಕೊಂಡ ಆಫೀಸಿನ ಮಳಿಗೆ, ಅದರಲ್ಲಿರುವ ಕಾನೂನು ಪುಸ್ತಕಗಳು ಜೂನಿಯರ್ ಸಂಘಮಿತ್ರಾಳಿಗೆ. ಸಹಿ ಮಾಡಿ ಕಾಗದವನ್ನು ಪಕ್ಕದಲ್ಲಿದ್ದ ಅವಳತ್ತ ತಳ್ಳಿದರು.

"ಹಾಕವ್ವ ಸಾಕ್ಷಿ. ನಿಂಗೇ ಬರದೀನಿ, ನೀನೇ ಸಾಕ್ಷಿ. ಬೆಂಗಳೂರಿನವ್ರು ಇದನ್ನ ತಪ್ಪು ಅಂತಾರೋ ಸರಿ ಅಂತಾರೋ ನೋಡೇ ಬಿಡೂಣು."

ಅವಳು ಓದಿ ಸಹಿ ಹಾಕಿದಳು. ಇನ್ನೊಂದು ಪಕ್ಕದಲ್ಲಿದ್ದ ಹಾಲಸ್ವಾಮಿ ಎರಡನೇ ಸಾಕ್ಷಿಯಾದ. ಹಾಲಸ್ವಾಮಿಗೆ ಸ್ವಂತ ಆಫೀಸಿರಲಿಲ್ಲ. ಕೋರ್ಟಿನ ಪಡಸಾಲೆಯಲ್ಲಿ ಒಂದು ಟೇಬಲ್ ಹಾಕಿಕೊಂಡು ಹದಿನೈದು ವರ್ಷದಿಂದ ಅಲ್ಲೇ ವಕೀಲಿ ಮಾಡುತ್ತಿದ್ದ. "ಸರ್, ನಂಗೂ ಒಂದು ಕುರ್ಚಿ ಬರೀರಲ್ಲ," ಎನ್ನುತ್ತ ಸಹಿ ಹಾಕಿದ.

ಕಾಗದಗಳನ್ನು ತಿದ್ದಲು ಅರ್ಚನಾ ಒಯ್ದ ಮೇಲೆ ಚಹಾ ಬಂತು. ಸಂಘದವರು ಎಲ್ಲರಿಗೂ ಪ್ಲೇಟಿನಲ್ಲಿ ಮಂಡಕ್ಕಿ, ಎರಡೆರಡು ಮಿರ್ಚಿ ಹಂಚಿದರು. ಗಂಗಾಧರ್ ತಮ್ಮ ಪ್ಲೇಟನ್ನು ಒಂದು ಗಳಿಗೆ ನೋಡಿ ಸಂಘಮಿತ್ರಾಳ ಕಡೆ ಸರಿಸಿದರು.

"ನೀ ತಿನ್ನು. ಬೆಳಿಗ್ಗಿಂದ ಎದಿ ಉರಿ ಹತ್ತೈತಿ ನಂಗ."

ಅವಳು ತಿಂದಳು. ಬೆಳಿಗ್ಗೆ ಚಹಾ ಬಿಟ್ಟು ಬೇರೇನೂ ತಿಂದಿರಲಿಲ್ಲ. ಹಾಲಸ್ವಾಮಿ ಅಷ್ಟರಲ್ಲಿ ತನ್ನದು ಮುಗಿಸಿ, ಇನ್ನೊಂದು ಪ್ಲೇಟ್ ಸಿಗುತ್ತದೇನೋ ಎಂದು ಕೆಳಗೆ ಇಳಿದು ಹೋಗಿದ್ದ.

ಸಂಜೆ ಅರ್ಚನಾ ಕಾಗದಗಳನ್ನು ಹಿಂದಿರುಗಿಸಿದರು. ಗಂಗಾಧರ್ ಅವರ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ 'ಕಲಂ 67 ವಿಷಯದಲ್ಲಿ ನೀವೇ ಸರಿ. ಮಳಿಗೆಯ ನಾಲ್ಕು ದಿಕ್ಕಿನ ಚಕ್ಕುಬಂದಿ ಬರೆದಿಲ್ಲ. 9/10' ಎಂದಿತ್ತು. ಉಳಿದವರೆಲ್ಲ ತಮ್ಮ ತಮ್ಮ ಸಾವನ್ನು ಚೂರು ಚೂರು ಮಾಡಿ ಕಸದ ಬುಟ್ಟಿಗೆ ಹಾಕುತ್ತಿದ್ದರೆ ಗಂಗಾಧರ್ ಮಾತ್ರ ತಮ್ಮ ಹಾಳೆಯನ್ನು ಮಡಚಿ ಬಟ್ಟೆ ಚೀಲದಲ್ಲಿ ಇಟ್ಟುಕೊಂಡರು.

"ಹರಿಯಲ್ಲೇನ್ರಿ ಸರ್?" ಸಂಘಮಿತ್ರಾ ಕೇಳಿದಳು.

"ತಡಿ. ಇಷ್ಟು ವರ್ಷ ಆದ ಮ್ಯಾಲೆ ಯಾರೋ ಮಾರ್ಕ್ಸ್ ಹಾಕ್ಯಾರ. ಮನ್ಯಾಗ ತೋರಿಸ್ತೀನಿ."

ಎರಡು ತಿಂಗಳಾದ ಮೇಲೆ, ಕೂಡ್ಲಿಗಿ ಕೋರ್ಟಿನ ಮೆಟ್ಟಿಲ ಮೇಲೆ ಗಂಗಾಧರ್ ಎದೆ ಹಿಡಿದು ಕುಸಿದರು. ಹೊಸಪೇಟೆಗೆ ಒಯ್ಯುವ ದಾರಿಯಲ್ಲೇ ಜೀವ ಹೋಯಿತು.

ಶಿವಗಣಾರಾಧನೆ ಮುಗಿಯುವವರೆಗೆ ಸಂಘಮಿತ್ರಾ ಆಫೀಸಿನ ಬಾಗಿಲು ತೆರೆದು, ಬಂದ ಕಕ್ಷಿದಾರರಿಗೆ ತಾರೀಖು ಹೇಳಿ ಕಳಿಸುತ್ತಿದ್ದಳು. ಕೀಲಿ ಅವಳ ಹತ್ತಿರವೇ ಇತ್ತು. ಆದರೆ ಮಳಿಗೆ ಇನ್ನು ಪ್ರವೀಣಕುಮಾರನದು. ಅವನಿಗೆ ಕೊಟ್ಟೂರಿನಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ, ವಕೀಲರ ಆಫೀಸಿನಿಂದ ಅವನಿಗೆ ಆಗಬೇಕಾದದ್ದೇನೂ ಇಲ್ಲ. ಅವಳು ಬೇರೆ ಜಾಗ ಹುಡುಕತೊಡಗಿದಳು.

ಕೋರ್ಟ್ ರಸ್ತೆಯಲ್ಲಿ ಖಾಲಿ ಮಳಿಗೆಗಳಿಗೆ ಬರವಿರಲಿಲ್ಲ. ಒಬ್ಬರು, ವಕೀಲರಿಗೆ ಕೊಟ್ಟರೆ ಬಾಗಿಲಲ್ಲಿ ದಿನಾ ಜಗಳ ಅಂದರು. ಇನ್ನೊಬ್ಬರು ಕೀಲಿಯನ್ನು ಕೈಯಲ್ಲೇ ಹಿಡಿದುಕೊಂಡು, ಬಾಡಿಗೆಯ ಮಾತೆಲ್ಲ ಮುಗಿಸಿ, ಕೊನೆಗೆ ಕೇಳಿದರು: "ಚಿಗಟೇರ್ಯಾಗ ಯಾವ ಓಣಿರಿ ನಿಮ್ದು?" ಅವಳು ಓಣಿ ಹೇಳಿದಳು. ಅವರಿಗೆ ಕೂಡಲೇ ತಮ್ಮ ಅಳಿಯ ಅಲ್ಲಿ ಬೇಕರಿ ಹಾಕುವ ವಿಚಾರ ನೆನಪಾಯಿತು. ಮೂರನೆಯವರ ಹತ್ತಿರ ಅವಳೇ ಮೊದಲು ಓಣಿ ಹೇಳಿಬಿಟ್ಟಳು, ಇಬ್ಬರಿಗೂ ಸಮಯ ಉಳಿಯಿತು.

ಹೀಗಿರುವಾಗ ಒಂದು ಮಧ್ಯಾಹ್ನ ಹಾಲಸ್ವಾಮಿ ಆಫೀಸಿಗೆ ನುಗ್ಗಿದ. ಬಂದವನೇ ಗಂಗಾಧರ್ ಅವರ ಟೇಬಲ್ಲಿನ ಎದುರಿದ್ದ ಕುರ್ಚಿ ಎಳೆದು ಕೂತ.

"ತಂಗಿ, ನಿನ್ನ ನಸೀಬು ತೆರೀತು. ಸಾಹೇಬ್ರು ಆ ಕಾಗದ ಹರಿದಿಲ್ಲ."

"ಯಾವ ಕಾಗದ್ರಿ ಅಣ್ಣಾರ?"

"ಶಿಬಿರದಾಗ ಬರೆದಿದ್ದು! ಪ್ರವೀಣ ಚೀಲದಾಗ ನೋಡ್ಯಾನ. ನನ್ನ ಸಹಿ ಐತಿ ಅಂತ ನನ್ನ ಕೇಳಾಕ ಬಂದಿದ್ದ. ಈ ಮಳಿಗಿ ನಿಂದು, ಸಂಘಮಿತ್ರಾ. ಕಾಯ್ದೆ ಪ್ರಕಾರ ನಿಂದು. ಸಹಿ ಅವ್ರದು, ಬರಹ ಅವ್ರದು, ಇಬ್ರು ಸಾಕ್ಷಿ. ಇನ್ನೇನು ಬೇಕು?"

"ಅದು ಅಭ್ಯಾಸಕ್ಕ ಬರೆದಿದ್ದು."

"ಅಭ್ಯಾಸಕ್ಕ ಅಂತ ಎಲ್ಲೈತಿ ಕಾಗದದಾಗ? ತೋರಿಸು."

"ಒಂಬತ್ತು ಮಾರ್ಕ್ಸ್ ಐತಲ್ರಿ ಕೆಂಪು ಶಾಯಿಯಾಗ."

"ಮಾರ್ಕ್ಸ್ ಹಾಕಿದ್ರ ವಿಲ್ ಕೆಡ್ತೈತಿ ಅಂತ ಕಲಂ ಇದ್ರ ತಗಿ. ಇಡೀ ಪುಸ್ತಕ ಇಲ್ಲೇ ಐತಿ." ಹಾಲಸ್ವಾಮಿ ಕಪಾಟಿನ ಕಡೆ ಕೈ ಮಾಡಿದ. "ಎಲ್ಲಾರೂ ಹರಿದ್ರು, ಅವ್ರು ಹರೀಲಿಲ್ಲ. ಯಾಕ ಹರೀಲಿಲ್ಲ? ಮನಸ್ಸಿತ್ತು. ಅಷ್ಟ."

ಹಾಲಸ್ವಾಮಿ ದನಿ ತಗ್ಗಿಸಿದ.

"ಕೇಳೋದು ಒಂದೇ ಪ್ರಶ್ನಿ. ನಿಂಗೂ ಗೊತ್ತು. ತಿನ್ನಾಕ ಕೊಟ್ರೇನು? ಕೊಟ್ರು ಅನ್ನು. ಸುಳ್ಳಲ್ಲವಲ್ಲ. ತಮ್ಮ ಪ್ಲೇಟು ನಿಂಗ ಕೊಟ್ಟಿದ್ದು, ಕೆಳಗ ಹೋಗೋ ಮುಂದ ನಾ ಬಾಗಿಲದಾಗಿಂದ ನೋಡೀನಿ."

"ನಿಮಗ ಕೊಡಲಿಲ್ಲ."

"ನಂಗೂ ಕೊಟ್ರು ಅಂತ ನಾ ಹೇಳ್ತೀನಿ. ಪ್ರವೀಣಗ ಹೇಳೇ ಬಿಟ್ಟೀನಿ." ಕಿಟಕಿಯ ಕೆಳಗಿನ ಜಾಗವನ್ನು ಅಳೆಯುವಂತೆ ನೋಡಿ, "ನಂಗೇನೂ ಬ್ಯಾಡ. ಆ ಮೂಲ್ಯಾಗ ಒಂದು ಟೇಬಲ್ ಹಾಕ್ಕೊಂತೀನಿ. ಪಡಸಾಲ್ಯಾಗ ಮಳಿ ಬಂದ್ರ ಫೈಲು ತೊಯ್ತಾವ," ಅಂದ.

ಅವನು ಹೋದ ಮೇಲೆ ಅವಳು ಬಹಳ ಹೊತ್ತು ಆ ಕೋಣೆಯಲ್ಲೇ ಕೂತಿದ್ದಳು. ಬೇಡ ಎನ್ನುವಷ್ಟು ದೊಡ್ಡವಳು ತಾನಲ್ಲ ಎಂದು ಅವಳಿಗೆ ಗೊತ್ತಿತ್ತು. ಈ ಮಳಿಗೆ ಸಿಕ್ಕರೆ ಯಾವ ಓಣಿ ಎಂದು ಯಾರೂ ಕೇಳುವುದಿಲ್ಲ. ಮೇಲೆ ತನ್ನ ಹೆಸರಿನ ಬೋರ್ಡು ಹಾಕಬಹುದು. ಸಂಘಮಿತ್ರಾ, ವಕೀಲರು. ಹಾಲಸ್ವಾಮಿ ಹೇಳಿದ್ದರಲ್ಲಿ ಪೂರ್ತಿ ಸುಳ್ಳೂ ಇರಲಿಲ್ಲ. ಸಾಹೇಬರಿಗೆ ನಿಜಕ್ಕೂ ಮನಸ್ಸಿತ್ತೇ? ಎದೆ ಉರಿ ಎಂದದ್ದು ನೆಪವೇ? ಮಾತನಾಡದೆ ಲೋಟ ತೆಗೆದಿಟ್ಟ ಮನುಷ್ಯ ಮಾತನಾಡದೆ ಮಳಿಗೆಯನ್ನೂ ಕೊಟ್ಟಿರಬಹುದಲ್ಲ? ಹೀಗೆ ಯೋಚಿಸಿದಾಗ ಆಗಬಹುದು ಅನ್ನಿಸುತ್ತಿತ್ತು. ಆಗಬಹುದು ಅನ್ನಿಸಿದಷ್ಟೂ ಅವಳಿಗೆ ತನ್ನ ಮೇಲೆ ಸಂಶಯ ಬರುತ್ತಿತ್ತು. ಆಸ್ತಿ ಬೇಕಾದ ಕಕ್ಷಿದಾರರೆಲ್ಲ ಇದೇ ಕುರ್ಚಿಯ ಮೇಲೆ ಕೂತು ಹೀಗೆಯೇ ನೆನಪು ಮಾಡಿಕೊಳ್ಳುವುದನ್ನು ಅವಳು ನೋಡಿದ್ದಳು.

ರಾತ್ರಿ ಊಟದ ಹೊತ್ತಿಗೆ ತಾಯಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು. ಕನಕಮ್ಮ ಕೇಳಿಸಿಕೊಂಡು, "ಸ್ವಾಮಿಗಳ ಜಾತಿಯವ್ರು ತಮ್ಮ ಪ್ಲೇಟು ನಿಂಗ ಕೊಟ್ರು ಅಂದ್ರ ಸುಮ್ನ ಕೊಟ್ರೇನು?" ಅಂದಳು.

"ಎದಿ ಉರಿತೈತಿ ಅಂದ್ರವ್ವ."

"ಹಂಗಾರ ಗೊತ್ತಿಲ್ಲ. ನೀ ಕೋರ್ಟಿನಾಕಿ, ನೀನೇ ನೋಡು. ಆದ್ರ ಬಿಟ್ಟು ಬಂದು ಆಮ್ಯಾಲೆ ನನ್ನ ಮುಂದ ಅಳಬ್ಯಾಡ."

ಮರುದಿನ ಪ್ರವೀಣಕುಮಾರ ಫೋನ್ ಮಾಡಿ ಮನೆಗೆ ಕರೆದ. ಕೊಟ್ರಮ್ಮ ಗೋಡೆಗೆ ಒರಗಿ ಕೂತಿದ್ದರು. ಮುಂದೆ ಟೀಪಾಯಿಯ ಮೇಲೆ ಆ ಹಾಳೆ ಇತ್ತು, ಮಡಿಕೆ ಬಿಚ್ಚಿ ಮೇಲೆ ಕನ್ನಡಕದ ಡಬ್ಬಿ ಇಟ್ಟಿದ್ದರು. ಗಂಗಾಧರ್ ಅವರದೇ ಕನ್ನಡಕ.

"ನಾ ಜಗಳಕ್ಕ ಕರಿಲಿಲ್ರಿ ಮೇಡಂ," ಅಂದ ಪ್ರವೀಣಕುಮಾರ. "ಅಪ್ಪ ಖರೇನ ಬರೆದಿದ್ರ ಮಳಿಗಿ ನಿಮ್ದು, ನಾ ಕೋರ್ಟಿಗೆ ಹೋಗಲ್ಲ. ವಕೀಲರ ಮನಿಯವ್ರೇ ಕೋರ್ಟಿಗೆ ಹೋದ್ರ ಜನ ನಗ್ತಾರ. ಅಭ್ಯಾಸಕ್ಕ ಬರೆದಿದ್ರ, ಮೊಬೈಲ್ ಅಂಗಡಿಯವ್ರು ಕೇಳ್ಯಾರ, ಅವ್ರಿಗೆ ಕೊಡ್ತೀನಿ. ಹಾಲಸ್ವಾಮಿ ಸರ್ ಹೇಳಿದ್ರು, ಇಬ್ರಿಗೂ ಮಿರ್ಚಿ ಕೊಟ್ರು ಅಂತ."

ಸಂಘಮಿತ್ರಾ ಉತ್ತರ ಕೊಡುವ ಮೊದಲೇ ಕೊಟ್ರಮ್ಮ ಕೈ ಎತ್ತಿ ಮಗನನ್ನು ಸುಮ್ಮನಿರಿಸಿದರು.

"ನೀ ತಡಿ. ನಾ ಕೇಳ್ತೀನಿ." ಅವಳ ಕಡೆ ತಿರುಗಿದರು. "ಹೇಳವ್ವ. ಅವ್ರು ನಿಂಗ ತಿನ್ನಾಕ ಕೊಟ್ರೇನು?"

"ಕೊಟ್ರು ರೀ ಅಮ್ಮಾರ."

ಪ್ರವೀಣಕುಮಾರ ಉಸಿರು ಬಿಟ್ಟ. ಮಳಿಗೆ ಅವಳದಾಗಲು ಅಷ್ಟು ಉತ್ತರವೇ ಸಾಕಾಗಿತ್ತು. ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟು ನಿಲ್ಲಿಸು, ಮುಂದಿನದನ್ನು ಅವರು ಕೇಳಿದರೆ ಮಾತ್ರ ಹೇಳು ಎಂದು ಸಾಕ್ಷಿಗಳಿಗೆ ಅವಳೇ ಎಷ್ಟೋ ಸಲ ಹೇಳಿಕೊಟ್ಟಿದ್ದಳು. ಕೊಟ್ರಮ್ಮ ಮುಂದೇನೂ ಕೇಳಲಿಲ್ಲ. ಕನ್ನಡಕದ ಡಬ್ಬಿಯನ್ನು ಹಾಳೆಯ ಮೇಲಿಂದ ತೆಗೆದು ಪಕ್ಕಕ್ಕಿಟ್ಟರು. ಚಕ್ಕುಬಂದಿ ಇಲ್ಲದ ಮಳಿಗೆಯ ಸಾಲು ಸಂಘಮಿತ್ರಾಳ ಕಣ್ಣಿಗೆ ಬಿತ್ತು. ಪಕ್ಕದ ಮನೆಯವನ ಕಟ್ಟೆ ಎಲ್ಲಿಗೆ ಮುಗಿಯುತ್ತದೆ ಎಂದು ತಾವೇ ಹೋಗಿ ನೋಡದೆ ಒಂದು ವಿಲ್ಲನ್ನೂ ಬರೆಯದ ಮನುಷ್ಯ ಗಂಗಾಧರ್.

"ಆದ್ರ ಆ ಮಿರ್ಚಿ ಅವ್ರದಲ್ರಿ," ಅಂದಳು ಸಂಘಮಿತ್ರಾ. "ಸಂಘದವ್ರು ಎಲ್ಲಾರಿಗೂ ಕೊಟ್ಟಿದ್ದು. ತಮ್ಮ ಪ್ಲೇಟು ನನ್ನ ಕಡಿ ಸರಿಸಿದ್ರು. ಹಾಲಸ್ವಾಮಿ ಅಣ್ಣಾರಿಗೆ ಕೊಡಲಿಲ್ಲ, ಅವ್ರು ಆಗ ಅಲ್ಲಿರಲಿಲ್ಲ. ಸಾಹೇಬ್ರು ಒಬ್ಬ ಸಾಕ್ಷಿಗೆ ಕೊಟ್ಟು ಇನ್ನೊಬ್ಬರಿಗೆ ಬಿಟ್ಟಿದ್ದು ನಾ ಒಂದು ದಿನಾನೂ ನೋಡಿಲ್ಲ. ಆ ಮೇಡಂ ಜೊತಿ ವಾದ ಮಾಡಾಕ ನನ್ನ ಹೆಸರು ಬರದ್ರು. ಎದಿ ಉರಿತೈತಿ, ನೀ ತಿನ್ನು ಅಂದ್ರು. ಅಷ್ಟ."

ಕೊಟ್ರಮ್ಮ ಗೋಡೆ ಬಿಟ್ಟು ಮುಂದಕ್ಕೆ ಬಾಗಿದರು. ಅವರ ಮುಖ ಬದಲಾಗಿತ್ತು. ಮಳಿಗೆಯ ಮಾತು ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ.

"ಎದಿ ಉರಿ ಅಂದ್ರಾ? ಅವತ್ತೇ?"

"ಹೌದ್ರಿ. ಬೆಳಿಗ್ಗಿಂದ ಐತಿ ಅಂದ್ರು."

"ಮನ್ಯಾಗ ಹೇಳಲಿಲ್ಲ. ಮಾರ್ಕ್ಸ್ ತೋರಿಸಿದ್ರು. ರೊಟ್ಟಿ ಉಂಡ್ರು. ಎದಿ ಸುದ್ದಿ ಎತ್ತಲಿಲ್ಲ." ಕೊಟ್ರಮ್ಮ ಮಗನ ಮುಖ ನೋಡಿ, ಮತ್ತೆ ಇವಳ ಕಡೆ ತಿರುಗಿದರು. "ನೀ ಏನಂದಿ?"

"ಏನೂ ಅನ್ನಲಿಲ್ರಿ."

"ಡಾಕ್ಟರ ಹಂತ್ಯಾಕ ಹೋಗ್ರಿ ಅನ್ನಲಿಲ್ಲ?"

"ಇಲ್ರಿ. ಹಸಿವಿ ಆಗಿತ್ತು. ತಿಂದೆ."

ಹೊರಗೆ ಯಾರೋ ಬೈಕ್ ಚಾಲೂ ಮಾಡಲು ಒದೆಯುತ್ತಲೇ ಇದ್ದರು, ಅದು ಚಾಲೂ ಆಗುತ್ತಿರಲಿಲ್ಲ. ಕೊಟ್ರಮ್ಮ ಸೆರಗು ಸರಿಮಾಡಿಕೊಂಡು ಎದ್ದು ಒಳಗೆ ಹೋದರು. ಹೋಗು ಎಂದೂ ಹೇಳಲಿಲ್ಲ, ಚಹಾ ಕುಡಿ ಎಂದೂ ಹೇಳಲಿಲ್ಲ.

ಸಂಘಮಿತ್ರಾ ಚೀಲದಿಂದ ಕೀಲಿ ತೆಗೆದು ಟೀಪಾಯಿಯ ಮೇಲಿಟ್ಟಳು. ಪ್ರವೀಣಕುಮಾರ ಅದನ್ನು ಕೂಡಲೇ ಎತ್ತಿಕೊಳ್ಳಲಿಲ್ಲ.

"ಪುಸ್ತಕ ಬೇಕಾದ್ರ ಒಯ್ರಿ ಮೇಡಂ. ನಮ್ಮಲ್ಲಿ ಓದೋರು ಯಾರೂ ಇಲ್ಲ. ರದ್ದಿಗೆ ಹಾಕಿದ್ರ ಅಪ್ಪ ಕನಸಿನಾಗ ಬರ್ತಾನ."

"ಒಯ್ತೀನಿ," ಅಂದಳು ಅವಳು.

"ತಿಂಗಳ ಕೊನಿತನ ಟೈಮ್ ತಗೊಳ್ರಿ."

"ಬ್ಯಾಡ್ರಿ. ನಾಳೆನೇ ಖಾಲಿ ಮಾಡ್ತೀನಿ."

ಸಂಘಮಿತ್ರಾ ಕೋರ್ಟಿನ ಪಡಸಾಲೆಯಲ್ಲೇ ಒಂದು ಟೇಬಲ್ ಹಾಕಿಕೊಂಡಳು. ಹಾಲಸ್ವಾಮಿ ಒಂದು ವಾರ ಅವಳ ಜೊತೆ ಮಾತು ಬಿಟ್ಟ. ಎಂಟನೆಯ ದಿನ ಮಳೆ ಬಂದು ಪಡಸಾಲೆಯ ಒಂದು ಬದಿಯೆಲ್ಲ ತೊಯ್ದಾಗ, ಅವಳ ಟೇಬಲ್ಲನ್ನು ತನ್ನ ಟೇಬಲ್ಲಿಗೆ ಒತ್ತಿ ಒಳಗೆ ಎಳೆದುಕೊಂಡ. "ಹರಿಶ್ಚಂದ್ರನ ಮೊಮ್ಮಗಳು ಬಂದಾಳ, ಜಾಗ ಬಿಡ್ರಪ್ಪ," ಎಂದು ಪಕ್ಕದವರಿಗೆ ಹೇಳಿದ. ಮೂಲೆಯಲ್ಲಿ ಗಂಗಾಧರ್ ಅವರ ಪುಸ್ತಕಗಳು ಪ್ಲಾಸ್ಟಿಕ್ ತಾಡಪತ್ರಿಯ ಕೆಳಗೆ ಇದ್ದವು. ಕೋರ್ಟ್ ರಸ್ತೆಯ ಮಳಿಗೆಗೆ ಹೊಸ ಗಾಜಿನ ಬಾಗಿಲು ಬಂತು.

ದೀಪಾವಳಿ ಕಳೆದ ಮೇಲೆ ಹರಪನಹಳ್ಳಿ ಕಡೆಯ ಅರಸೀಕೆರೆಯಿಂದ ಗಾಳೆಪ್ಪ ಎಂಬ ಮುದುಕ ಬಂದ. ಗಂಗಾಧರ್ ಸಾಹೇಬರ ಆಫೀಸ್ ಎಲ್ಲಿ ಎಂದು ಕೇಳಿದ್ದಕ್ಕೆ ಮೊಬೈಲ್ ಅಂಗಡಿಯವರು ಪಡಸಾಲೆಗೆ ಕಳಿಸಿದ್ದರು. ಅವನಿಗೆ ಇದ್ದದ್ದು ಒಂದು ಮನೆ, ಅದರ ಹಿಂದೆ ಒಂದು ಖಾಲಿ ಜಾಗ. ಆ ಜಾಗವನ್ನು ಕೊನೆಯ ಮಗಳ ಹೆಸರಿಗೆ ಬರೆದಿಡಬೇಕಿತ್ತು. ಸಂಘಮಿತ್ರಾ ಎರಡು ಸಲ ಅವನೊಬ್ಬನನ್ನೇ ಕೂರಿಸಿಕೊಂಡು ಮಾತಾಡಿದಳು, ಒಂದು ಭಾನುವಾರ ಅರಸೀಕೆರೆಗೆ ಹೋಗಿ ಜಾಗದ ನಾಲ್ಕೂ ಮೂಲೆ ನೋಡಿ ಬಂದಳು. ಆಮೇಲೆ ವಿಲ್ ಬರೆದಳು. ಹಾಲಸ್ವಾಮಿ ಒಬ್ಬ ಸಾಕ್ಷಿ. ಗಂಗಾಧರ್ ಅವರ ಹಳೆಯ ಗುಮಾಸ್ತ ಓಬಣ್ಣ ಇನ್ನೊಬ್ಬ. ಅವನೀಗ ಬೇರೆ ವಕೀಲರ ಹತ್ತಿರ ಕೆಲಸ ಮಾಡುತ್ತಿದ್ದ, ಕರೆದದ್ದಕ್ಕೆ ಬಂದಿದ್ದ.

ಗಾಳೆಪ್ಪ ಇಬ್ಬರ ಎದುರಿಗೂ ಹೆಬ್ಬೆಟ್ಟು ಒತ್ತಿದ. ಇಬ್ಬರೂ ಸಹಿ ಹಾಕಿದರು. ಅವನು ಬೆರಳಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು ಎದ್ದ.

"ಬಸ್ಸಿಗೆ ಹೊತ್ತಾತವ್ವ. ಬರ್ತೀನಿ."

"ಕುಂದ್ರು ಯಜಮಾನ. ಇನ್ನೂ ಮುಗಿದಿಲ್ಲ," ಅಂದಳು ಸಂಘಮಿತ್ರಾ. "ಹೊರಗ ಗಾಡಿ ಐತಿ. ಮಂಡಕ್ಕಿ ಮಿರ್ಚಿ ತಗೊಂಡು ಬಾ. ನಿನ್ನ ದುಡ್ಡಿನಾಗ."

ಹಾಲಸ್ವಾಮಿ ಹಣೆ ಚಚ್ಚಿಕೊಂಡ. "ಬಿಡು ತಂಗಿ. ಅವ್ರು ಹೋದ್ರು, ಅವ್ರ ಜೊತಿ ಅದೂ ಹೋತು. ಪಾಪ, ಮುದುಕಗ ಬಸ್ ತಪ್ಪಿಸ್ತಿ."

"ಇನ್ನೊಂದು ಬಸ್ ಐತಿ."

ಗಾಳೆಪ್ಪ ಅವಳ ಮುಖವನ್ನೂ ಹಾಲಸ್ವಾಮಿಯ ಮುಖವನ್ನೂ ನೋಡಿ, ಇದು ಸರ್ಕಾರದ ಕಾನೂನೇ ಇರಬೇಕು ಎಂದುಕೊಂಡು ಮೆಟ್ಟಿಲಿಳಿದ. ಪೇಪರ್ ಪೊಟ್ಟಣ ಹಿಡಿದುಕೊಂಡು ಬಂದ. ಸಂಘಮಿತ್ರಾ ಅವನ ಕೈಯನ್ನೇ ನೋಡುತ್ತ ನಿಂತಳು. ಅವನು ಪೊಟ್ಟಣ ಬಿಚ್ಚಿದ, ಎಲ್ಲಕ್ಕಿಂತ ದೊಡ್ಡ ಮಿರ್ಚಿಯನ್ನು ಆರಿಸಿ ಓಬಣ್ಣನಿಗೆ ಕೊಟ್ಟ, ಇನ್ನೊಂದನ್ನು ಹಾಲಸ್ವಾಮಿಗೆ ಕೊಟ್ಟ. ಕೈ ಎಲ್ಲೂ ತಡೆಯಲಿಲ್ಲ. ಮಗಳಿಗೆ ಜಾಗ ಕೊಟ್ಟಾಯಿತು ಎಂದು ಅವನಿಗೆ ಆಗಷ್ಟೇ ಅರ್ಥವಾದಂತೆ, ತಾನೂ ಒಂದನ್ನು ಬಾಯಿಗೆ ಹಾಕಿಕೊಂಡ.

ಹಾಲಸ್ವಾಮಿ ಮೊದಲ ತುತ್ತಿಗೇ ಕಣ್ಣು ಒರೆಸಿಕೊಂಡ. "ಎಂಥಾ ಖಾರ ಲೇ ಯಜಮಾನ! ಎಲ್ಲಿ ಹುಡುಕಿ ತಂದಿ?"

ಪೊಟ್ಟಣದಲ್ಲಿ ಒಂದು ಮಿರ್ಚಿ ಉಳಿದಿತ್ತು. ಗಾಳೆಪ್ಪ ಅದನ್ನು ಸಂಘಮಿತ್ರಾಳ ಮುಂದೆ ಹಿಡಿದ.

"ನೀ ತಗೋ ಅವ್ವ."

"ನಂಗ ಬ್ಯಾಡ," ಅಂದಳು ಅವಳು, ಕಾಗದ ಮಡಚುತ್ತ. "ನಾ ಸಾಕ್ಷಿ ಅಲ್ಲ."